ಮಗುವಿಗೆ ಜ್ವರ: ಯಾವಾಗ ಮನೆಯಲ್ಲಿ ಕಾಯಬಹುದು, ಯಾವಾಗ ಡಾಕ್ಟರ ಹತ್ತಿರ ಹೊರಡಬೇಕು

ಜ್ವರ ಬಂದ ಮಗುವನ್ನು ಡಾಕ್ಟರಿಗೆ ತೋರಿಸಬೇಕೋ, ಮನೆಯಲ್ಲೇ ನೋಡಿಕೊಳ್ಳಬಹುದೋ ಎಂದು ಯೋಚಿಸುವವರು ಮೊದಲು ನೋಡುವುದು ಥರ್ಮಾಮೀಟರನ್ನು. ನೋಡಬೇಕಾದ ಕ್ರಮ ಬೇರೆ. ಮೊದಲು ಮಗುವಿನ ವಯಸ್ಸು, ಆಮೇಲೆ ಮಗು ಇರುವ ರೀತಿ, ಅದಾದ ಮೇಲೆ ಥರ್ಮಾಮೀಟರಿನ ಅಂಕಿ. 104 ಡಿಗ್ರಿ ಜ್ವರವಿದ್ದೂ ಔಷಧಿ ಕುಡಿದ ಒಂದು ಗಂಟೆಗೆ ಎದ್ದು ಕೂತು ಆಟಿಕೆ ಕೇಳುವ ಮೂರು ವರ್ಷದ ಮಗುವಿಗಿಂತ, 101 ಡಿಗ್ರಿಯಲ್ಲೇ ಕಣ್ಣು ಬಿಡದೆ ಮಂಕಾಗಿ ಬಿದ್ದಿರುವ ಮಗುವಿನ ಬಗ್ಗೆ ಹೆಚ್ಚು ಹೆದರಬೇಕು. ಅಂಕಿಯೊಂದನ್ನೇ ನೋಡಿ ತಕ್ಷಣ ಹೊರಡಬೇಕಾದ ವಯಸ್ಸು ಒಂದೇ ಒಂದು: ಹುಟ್ಟಿನಿಂದ ಮೂರು ತಿಂಗಳು ತುಂಬುವವರೆಗೆ.

(ಇಲ್ಲಿ ಬರೀ ಡಿಗ್ರಿ ಎಂದಿದ್ದರೆ ಅದು ಫ್ಯಾರನ್‌ಹೀಟ್. ಬೇಕಾದ ಕಡೆ ಸೆಲ್ಸಿಯಸ್ ಲೆಕ್ಕ ಪಕ್ಕದಲ್ಲಿದೆ.)

ಮೂರು ತಿಂಗಳೊಳಗಿನ ಕೂಸು

100.4 ಡಿಗ್ರಿ (38 ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚು ಬಂತೋ, ಹೊತ್ತುಗೊತ್ತು ನೋಡದೆ ಆಸ್ಪತ್ರೆಗೆ ಹೊರಡಬೇಕು. ಹಾಲು ಕುಡಿಯುತ್ತಿದೆ, ನಗುತ್ತಿದೆ, ಬೆಳಿಗ್ಗೆವರೆಗೆ ನೋಡೋಣ ಎನ್ನುವ ಮಾತು ಈ ವಯಸ್ಸಿಗೆ ಸಲ್ಲದು. ಎಳೆಗೂಸಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಮೂತ್ರದಲ್ಲೋ ರಕ್ತದಲ್ಲೋ ಶುರುವಾದ ಸೋಂಕು ಕೆಲವೇ ಗಂಟೆಗಳಲ್ಲಿ ಮಿದುಳಿನ ಪೊರೆಗೆ ಹಬ್ಬಬಹುದು. ದೊಡ್ಡ ಮಕ್ಕಳಲ್ಲಿ ಕಾಣುವ ಕುತ್ತಿಗೆ ಬಿಗಿತದಂಥ ಸೂಚನೆಗಳು ಇಷ್ಟು ಚಿಕ್ಕ ಕೂಸಿನಲ್ಲಿ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಡಾಕ್ಟರು ರಕ್ತ, ಮೂತ್ರ, ಕೆಲವೊಮ್ಮೆ ಬೆನ್ನುಹುರಿಯ ನೀರನ್ನೂ ಪರೀಕ್ಷೆಗೆ ಕಳಿಸುವುದು ಇದೇ ಕಾರಣಕ್ಕೆ. ಇಷ್ಟು ಸಣ್ಣ ಜ್ವರಕ್ಕೆ ಇಷ್ಟೆಲ್ಲ ಯಾಕೆ ಎಂದು ಅದನ್ನು ಬೇಡ ಎನ್ನಬೇಡಿ.

ಹೊರಡುವ ಮುಂಚೆ ಪ್ಯಾರಸಿಟಮಾಲ್ ಹಾಕಬೇಡಿ. ಜ್ವರ ಇಳಿದುಬಿಟ್ಟರೆ ಆಸ್ಪತ್ರೆಯಲ್ಲಿ ನೋಡುವವರಿಗೆ ಇರುವ ಒಂದೇ ಗುರುತೂ ಮಾಯವಾಗುತ್ತದೆ. ಕೂಸನ್ನು ಎರಡು ಮೂರು ಪದರ ಬಟ್ಟೆಯಲ್ಲಿ ಸುತ್ತಿಟ್ಟಿದ್ದರೆ ಮೇಲಿನ ಹೊದಿಕೆ ತೆಗೆದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಆಗಲೂ 100.4 ಇದ್ದರೆ ಹೊರಡಿ. ಇಳಿದಿದ್ದರೂ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ. ಲಸಿಕೆ ಹಾಕಿಸಿದ ದಿನ ಅಥವಾ ಮಾರನೆಯ ದಿನ ಜ್ವರ ಬರುವುದು ಸಾಮಾನ್ಯವೇ. ಆದರೂ ಈ ವಯಸ್ಸಿನಲ್ಲಿ ಅದು ಲಸಿಕೆಯ ಜ್ವರ ಎಂದು ನೀವಾಗಿಯೇ ತೀರ್ಮಾನಿಸದೆ ಡಾಕ್ಟರನ್ನು ಕೇಳಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ಸೋಂಕು ತಗುಲಿದ ಎಳೆಗೂಸಿನ ಮೈ ಬಿಸಿಯಾಗುವ ಬದಲು ತಣ್ಣಗೂ ಆಗಬಹುದು. ಬೆಚ್ಚಗೆ ಹೊದಿಸಿ, ಎದೆಗೆ ಅಪ್ಪಿಕೊಂಡ ಮೇಲೂ 95.9 ಡಿಗ್ರಿಗಿಂತ (35.5 ಸೆಲ್ಸಿಯಸ್) ಕೆಳಗೇ ಇದ್ದರೆ ಅದು ಜ್ವರದಷ್ಟೇ ತುರ್ತು. ಇದ್ದಕ್ಕಿದ್ದಂತೆ ಹಾಲು ಕುಡಿಯುವುದನ್ನು ನಿಲ್ಲಿಸಿದ ಕೂಸಿನ ವಿಷಯದಲ್ಲೂ ಹಾಗೇ, ಮೈ ಬಿಸಿ ಇರಲಿ ಇಲ್ಲದಿರಲಿ.

ಮೂರು ತಿಂಗಳು ದಾಟಿದ ಮೇಲೆ

ಮೂರರಿಂದ ಆರು ತಿಂಗಳ ಮಗುವಿಗೆ 102.2 ಡಿಗ್ರಿ (39 ಸೆಲ್ಸಿಯಸ್) ಮುಟ್ಟಿದರೆ ಅದೇ ದಿನ ತೋರಿಸಿ. ಅದಕ್ಕಿಂತ ಕಡಿಮೆ ಜ್ವರವಿದ್ದು ಹಾಲು ಕುಡಿಯುವುದು ಅರ್ಧಕ್ಕಿಂತ ಕೆಳಗಿಳಿದಿದ್ದರೆ, ಮಗು ಎಂದಿನಂತಿಲ್ಲ ಅನ್ನಿಸಿದರೆ, ಆಗಲೂ ಅದೇ ದಿನ.

ಆರು ತಿಂಗಳಿನಿಂದ ಎರಡು ವರ್ಷದವರೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಜ್ವರಕ್ಕೆ ಕಾರಣ ಕಣ್ಣಿಗೆ ಕಾಣುತ್ತಿದೆಯೇ ಎಂಬುದು. ಮೂಗು ಸೋರುತ್ತಿದೆ, ಕೆಮ್ಮಿದೆ, ಮನೆಯಲ್ಲಿ ಇನ್ನೊಬ್ಬರಿಗೂ ನೆಗಡಿ ಎಂದಾದರೆ ಬಹುಪಾಲು ಅದು ವೈರಸ್ಸಿನ ಜ್ವರ; ಮಗು ಚುರುಕಾಗಿದ್ದರೆ ಎರಡು ದಿನ ಕಾಯಬಹುದು. ನೆಗಡಿ ಇಲ್ಲ, ಕೆಮ್ಮಿಲ್ಲ, ಭೇದಿ ಇಲ್ಲ, ಬರೀ ಜ್ವರ, ಅದೂ 24 ಗಂಟೆ ದಾಟಿದೆ ಎಂದರೆ ಕಾಯಬೇಡಿ. ಈ ವಯಸ್ಸಿನಲ್ಲಿ ಕಾರಣ ಕಾಣದ ಜ್ವರದ ಹಿಂದೆ ಮೂತ್ರದ ಸೋಂಕು ಅಡಗಿರುವುದು ಅಪರೂಪವೇನಲ್ಲ, ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಉರಿಯುತ್ತಿದೆ ಎಂದು ಹೇಳಲು ಮಗುವಿಗೆ ಬಾರದು. ಮೂತ್ರ ಪರೀಕ್ಷೆಯೊಂದೇ ದಾರಿ.

ಎರಡು ವರ್ಷ ದಾಟಿದ, ಆರೋಗ್ಯವಾಗಿ ಬೆಳೆಯುತ್ತಿರುವ, ಲಸಿಕೆಗಳೆಲ್ಲ ಆಗಿರುವ ಮಗು ಜ್ವರದ ನಡುವೆಯೂ ಕುಡಿಯುತ್ತ, ಮೂತ್ರ ಮಾಡುತ್ತ, ನಡುನಡುವೆ ಆಡುತ್ತ ಇದ್ದರೆ ಮೂರು ದಿನ ಮನೆಯಲ್ಲೇ ನೋಡಿಕೊಳ್ಳಬಹುದು. 104 ಡಿಗ್ರಿ (40 ಸೆಲ್ಸಿಯಸ್) ದಾಟಿ, ಸರಿಯಾದ ಡೋಸ್ ಕೊಟ್ಟರೂ ಸ್ವಲ್ಪವೂ ಇಳಿಯದಿದ್ದರೆ ಮಾತ್ರ ಅದೇ ದಿನ ತೋರಿಸಿ.

ಇವ್ಯಾವ ಲೆಕ್ಕವೂ ಅನ್ವಯಿಸದ ಮಕ್ಕಳಿದ್ದಾರೆ. ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ಸಿಕಲ್ ಸೆಲ್ ರಕ್ತಹೀನತೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ದಿನವೂ ಸ್ಟೆರಾಯ್ಡ್ ತೆಗೆದುಕೊಳ್ಳುವವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು. ಇವರಿಗೆ 100.4 ಬಂದ ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಅವಧಿಗೆ ತುಂಬ ಮುಂಚೆ ಹುಟ್ಟಿದ ಕೂಸಿಗೆ, ಲಸಿಕೆ ಬಾಕಿ ಉಳಿದ ಮಗುವಿಗೆ ಕಾಯುವ ಅವಧಿ ಕಡಿಮೆ ಇರಲಿ.

ಅಳೆಯುವ ಕ್ರಮ

ಹಣೆ ಮುಟ್ಟಿ ನೋಡುವುದರಿಂದ ಜ್ವರ ಇರಬಹುದು ಎಂದು ಗೊತ್ತಾಗುತ್ತದೆ, ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಮನೆಗೆ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಸಾಕು. ಪಾದರಸದ ಗಾಜಿನ ಕಡ್ಡಿ ಇನ್ನೂ ಡ್ರಾಯರಿನಲ್ಲಿದ್ದರೆ ಬಳಸಬೇಡಿ. ಅದು ಒಡೆದರೆ ಪಾದರಸದ ಆವಿ ವಿಷ.

ಕಂಕುಳಲ್ಲಿ ಅಳೆಯುವುದಾದರೆ ಮೊದಲು ಬೆವರು ಒರೆಸಿ. ಕಡ್ಡಿಯ ತುದಿ ಕಂಕುಳ ಗುಳಿಯ ನಡುವೆ ಚರ್ಮಕ್ಕೆ ತಾಗಿರಬೇಕು, ನಡುವೆ ಬಟ್ಟೆ ಸಿಕ್ಕಿರಬಾರದು. ತೋಳನ್ನು ಮೈಗೆ ಒತ್ತಿ ಹಿಡಿದು ಬೀಪ್ ಬರುವವರೆಗೆ ಬಿಡಬೇಡಿ. ಕಡಿಮೆ ಅಂಕಿ ಬರುವುದಕ್ಕೆ ಸಾಮಾನ್ಯ ಕಾರಣ ಇಲ್ಲೇ ಇರುತ್ತದೆ: ಮಗು ಕೊಸರಾಡಿ ತುದಿ ಕಂಕುಳಿಂದ ಹಿಂದಕ್ಕೆ ಜಾರಿ ಗಾಳಿಯಲ್ಲಿರುತ್ತದೆ, ನಾವು ಹಿಡಿಯನ್ನಷ್ಟೇ ನೋಡುತ್ತಿರುತ್ತೇವೆ. ಸ್ನಾನ ಮಾಡಿಸಿದ ಕೂಡಲೇ ಅಳೆಯಬೇಡಿ, ಇಪ್ಪತ್ತು ನಿಮಿಷ ಬಿಡಿ.

ಕಂಕುಳ ಅಂಕಿ ಮೈಯ ಒಳಗಿನ ಬಿಸಿಗಿಂತ ಕಡಿಮೆ ಇರುತ್ತದೆ, ಸಾಮಾನ್ಯವಾಗಿ ಅರ್ಧದಿಂದ ಒಂದು ಡಿಗ್ರಿಯಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಾಗಂತ ನೀವೇ ಒಂದು ಕೂಡಿಸಿ ಹೇಳಬೇಡಿ, ಕೇಳಿಸಿಕೊಂಡ ಡಾಕ್ಟರು ಇನ್ನೊಂದು ಕೂಡಿಸಿಬಿಟ್ಟಾರು. ಕಂಡ ಅಂಕಿ, ಅಳೆದ ಜಾಗ, ಎರಡನ್ನೂ ಹಾಗೆಯೇ ಹೇಳಿ. ಮೂರು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 99 ದಾಟಿದರೂ ಹಗುರವಾಗಿ ತೆಗೆದುಕೊಳ್ಳದೆ ಗುದದಲ್ಲಿ ಅಳೆದು ಖಾತ್ರಿ ಮಾಡಿಕೊಳ್ಳಬೇಕು: ತುದಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಒಂದರಿಂದ ಎರಡು ಸೆಂಟಿಮೀಟರ್ ಮಾತ್ರ, ಒತ್ತದೆ ಒಳಗಿಟ್ಟು, ಬೀಪ್ ಬರುವವರೆಗೆ ಕೂಸಿನ ಸೊಂಟವನ್ನೂ ಕಡ್ಡಿಯನ್ನೂ ಅಲುಗದಂತೆ ಹಿಡಿದಿರಬೇಕು. ಆ ಕಡ್ಡಿಗೆ ಗುರುತು ಹಾಕಿ ಬೇರೆಯಾಗಿಡಿ. ನಿಮಗೆ ಹಾಗೆ ಅಳೆದು ರೂಢಿಯಿಲ್ಲದಿದ್ದರೆ ಪ್ರಯತ್ನಿಸಬೇಡಿ, ಕೂಸನ್ನು ನೇರವಾಗಿ ಕರೆದೊಯ್ದರಾಯಿತು. ಕಿವಿಯ ಥರ್ಮಾಮೀಟರ್ ಆರು ತಿಂಗಳೊಳಗೆ ನಂಬಿಕೆಗೆ ಅರ್ಹವಲ್ಲ, ಆ ವಯಸ್ಸಿಗೆ ಕಿವಿಯ ನಾಳ ತೀರಾ ಕಿರಿದು. ನಾಲಿಗೆಯ ಕೆಳಗಿಟ್ಟು ಅಳೆಯುವುದು ನಾಲ್ಕೈದು ವರ್ಷ ದಾಟಿದ ಮೇಲೆ.

ಅಂಕಿಯ ಭಯದ ಬಗ್ಗೆ ಒಂದು ಮಾತು. ಸೋಂಕಿನಿಂದ ಬರುವ ಜ್ವರ ಸಾಮಾನ್ಯವಾಗಿ 106 ಡಿಗ್ರಿ ದಾಟುವುದಿಲ್ಲ. ಮಿದುಳೇ ಆ ಮಿತಿಯನ್ನು ಕಾಯ್ದುಕೊಳ್ಳುತ್ತದೆ. ಜ್ವರ ತಲೆಗೇರಿ ಮಿದುಳು ಹಾಳಾಗುತ್ತದೆ ಎಂಬ ಭಯಕ್ಕೆ ಈ ಮಟ್ಟದಲ್ಲಿ ಆಧಾರವಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಸಿಕ್ಕಿಬಿದ್ದ ಮಗುವಿನ ಕಥೆ ಬೇರೆ. ಅದು ಸೋಂಕಲ್ಲ, ಬಿಸಿಲಾಘಾತ. ಅಲ್ಲಿ ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ, ಬಟ್ಟೆ ಬಿಚ್ಚಿ ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಥರ್ಮಾಮೀಟರ್ ಏನೇ ಹೇಳಲಿ, ಹೊರಡಿಸಬೇಕಾದ ಲಕ್ಷಣಗಳು

ಎಬ್ಬಿಸಿದರೂ ಪೂರ್ತಿ ಎಚ್ಚರಾಗದ ಮಗು. ಎತ್ತಿಕೊಂಡರೆ ಕೈಕಾಲು ಜೋತುಬೀಳುವ ಮಗು. ಯಾರು ಸಮಾಧಾನ ಮಾಡಿದರೂ ನಿಲ್ಲದ, ಕೀರಲಾದ, ಎಂದಿನದಲ್ಲದ ಅಳು. ಹಾಲನ್ನೋ ನೀರನ್ನೋ ಒಂದು ಗುಟುಕೂ ತೆಗೆದುಕೊಳ್ಳದಿರುವುದು, ಅಥವಾ ಕೊಟ್ಟದ್ದೆಲ್ಲ ವಾಂತಿಯಾಗುವುದು. ತುಟಿ, ನಾಲಿಗೆ ನೀಲಿಗಟ್ಟುವುದು. ಕುತ್ತಿಗೆ ಬಿಗಿದು ಗದ್ದವನ್ನು ಎದೆಗೆ ತಾಗಿಸಲಾಗದಿರುವುದು, ಬೆಳಕು ಕಂಡರೆ ಮುಖ ಮುಚ್ಚಿಕೊಳ್ಳುವುದು. ಎಳೆಮಗು ಅಳದೆ ನೆಟ್ಟಗೆ ಕೂತಿರುವಾಗಲೂ ನೆತ್ತಿಯ ಮೆತ್ತನೆಯ ಜಾಗ ಉಬ್ಬಿಕೊಂಡಿರುವುದು. ಫಿಟ್ಸ್. ಇವುಗಳಲ್ಲಿ ಒಂದೇ ಕಂಡರೂ ಸಾಕು, ಇನ್ನೊಂದಕ್ಕಾಗಿ ಕಾಯಬೇಡಿ.

ಉಸಿರಾಟವನ್ನು ಮಾತ್ರ ಕಣ್ಣಂದಾಜಿಗೆ ಬಿಡದೆ ಎಣಿಸಲೇಬೇಕು. ಮಗು ಮಲಗಿರುವಾಗ ಅಥವಾ ಮಡಿಲಲ್ಲಿ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಎದೆ ಹೊಟ್ಟೆ ಎರಡೂ ಕಾಣುವಂತೆ ಮಾಡಿ. ಒಮ್ಮೆ ಮೇಲೆದ್ದು ಇಳಿದರೆ ಒಂದು ಉಸಿರು. ಗಡಿಯಾರ ನೋಡುತ್ತ ಪೂರ್ತಿ ಅರವತ್ತು ಸೆಕೆಂಡು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಇಲ್ಲಿ ಮೋಸ ಮಾಡುತ್ತದೆ, ಎಳೆಮಕ್ಕಳು ಸ್ವಲ್ಪ ಹೊತ್ತು ಬೇಗಬೇಗ ಉಸಿರಾಡಿ ಸ್ವಲ್ಪ ಹೊತ್ತು ನಿಧಾನಿಸುತ್ತವೆ. ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ನ್ಯುಮೋನಿಯಾ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿಗಳು ಇವೇ. ಜ್ವರವೇ ಉಸಿರನ್ನು ಸ್ವಲ್ಪ ಏರಿಸುವುದರಿಂದ, ಅಂಕಿ ಗಡಿಯ ಆಸುಪಾಸಿನಲ್ಲಿದ್ದರೆ ಜ್ವರ ಇಳಿದಾಗ ಇನ್ನೊಮ್ಮೆ ಎಣಿಸಿ. ಆಗಲೂ ಹೆಚ್ಚಿದ್ದರೆ ಅದೇ ದಿನ ತೋರಿಸಿ.

ಎಣಿಕೆಯ ಜೊತೆಗೆ ಪಕ್ಕೆಲುಬಿನ ಕೆಳಗನ್ನೂ ಗಮನಿಸಿ. ಉಸಿರು ಒಳಗೆಳೆದಾಗ ಹೊಟ್ಟೆ ಉಬ್ಬಿ, ಎದೆಯ ಕೆಳಭಾಗ ಒಳಕ್ಕೆ ಸೆಳೆದು ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅಗಲವಾಗುತ್ತಿದ್ದರೆ, ಪ್ರತಿ ಉಸಿರಿಗೂ ನರಳಿದಂತೆ ಸಣ್ಣ ಸದ್ದು ಬರುತ್ತಿದ್ದರೆ, ಸುಮ್ಮನಿರುವಾಗಲೂ ಗಂಟಲಲ್ಲಿ ಗೊರ್ ಎಂದು ಎಳೆದ ಶಬ್ದ ಕೇಳಿದರೆ ಎಣಿಸುತ್ತ ಕೂರಬೇಡಿ. ಅದು ತುರ್ತು.

ಮೈಮೇಲೆ ಗುಳ್ಳೆಯೋ ಕಲೆಯೋ ಎದ್ದಿದ್ದರೆ ಒಂದು ಪಾರದರ್ಶಕ ಗಾಜಿನ ಲೋಟ ತೆಗೆದುಕೊಂಡು ಅದರ ಬದಿಯನ್ನು ಕಲೆಯ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಒತ್ತಿದಾಗ ಕಲೆ ಮಾಸಿಹೋದರೆ ಬಹುಪಾಲು ವೈರಸ್ಸಿನ ದದ್ದು. ಒತ್ತಿದರೂ ಹಾಗೆಯೇ ಕೆಂಪಾಗಿ, ನೇರಳೆಯಾಗಿ ಉಳಿದರೆ ಚರ್ಮದಡಿ ರಕ್ತ ಸೋರಿದೆ ಎಂದರ್ಥ. ಜ್ವರದ ಜೊತೆ ಹಾಗಾದರೆ ರಕ್ತಕ್ಕೆ ಸೋಂಕು ಹಬ್ಬಿರಬಹುದು, ಆಂಬುಲೆನ್ಸ್ ಕರೆಯುವಷ್ಟು ತುರ್ತು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕಲೆ ಬೇಗ ಕಣ್ಣಿಗೆ ಬೀಳದು. ಅಂಗೈ, ಅಂಗಾಲು, ಹೊಟ್ಟೆ, ಬಾಯಿಯ ಒಳಗೆ, ಕೆಳರೆಪ್ಪೆಯ ಒಳಭಾಗ, ಇಷ್ಟನ್ನೂ ಟಾರ್ಚ್ ಹಿಡಿದು ನೋಡಿ.

ಕಾಲೂರದ, ಕುಂಟುವ, ಒಂದು ಕೈಯನ್ನು ಅಲ್ಲಾಡಿಸಲು ಬಿಡದ ಮಗು ಎಲ್ಲೋ ಬಿದ್ದಿರಬೇಕು ಎಂದುಕೊಳ್ಳುವುದು ಸಹಜ. ಜ್ವರವೂ ಇದ್ದರೆ ಕೀಲಿನಲ್ಲೋ ಮೂಳೆಯಲ್ಲೋ ಸೋಂಕಿರಬಹುದು. ಕೀಲಿನೊಳಗೆ ಕೀವು ನಿಂತರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸವೆದುಹೋಗುತ್ತದೆ, ಹಾಗಾಗಿ ಅದೇ ದಿನ.

ಔಷಧಿ ಕೊಟ್ಟು ಒಂದು ಗಂಟೆ ಕಾದು ನೋಡುವುದು

ಮೇಲಿನ ಯಾವ ಲಕ್ಷಣವೂ ಇಲ್ಲ, ಮಗುವಿಗೆ ಮೂರು ತಿಂಗಳು ದಾಟಿದೆ, ಆದರೂ ಮಂಕಾಗಿದೆ ಎಂದಿಟ್ಟುಕೊಳ್ಳಿ. ಸಾಕಷ್ಟು ಜ್ವರವಿರುವ ಯಾವ ಮಗುವೂ ಮಂಕಾಗಿಯೇ ಇರುತ್ತದೆ. ಜ್ವರದ ಮಂಕೋ, ರೋಗದ ಮಂಕೋ ತಿಳಿಯಬೇಕಾದರೆ ಪ್ಯಾರಸಿಟಮಾಲ್ ಕೊಟ್ಟು ಒಂದರಿಂದ ಒಂದೂವರೆ ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ನಾರ್ಮಲ್ ಆಗಬೇಕಿಲ್ಲ. ಔಷಧಿ ಇಳಿಸುವುದು ಸಾಮಾನ್ಯವಾಗಿ ಎರಡು ಮೂರು ಡಿಗ್ರಿಯನ್ನಷ್ಟೇ. 104 ಇದ್ದದ್ದು 101.5ಕ್ಕೆ ಬಂದರೆ ಔಷಧಿ ಕೆಲಸ ಮಾಡಿದೆ ಎಂದೇ ಲೆಕ್ಕ. ನೋಡಬೇಕಾದ್ದು ಮಗುವಿನ ಮುಖವನ್ನು. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ, ಕರೆದರೆ ತಿರುಗುತ್ತದೆಯೇ, ಕೊಟ್ಟ ವಸ್ತುವಿಗೆ ಕೈ ಚಾಚುತ್ತದೆಯೇ, ನಾಲ್ಕು ಗುಟುಕು ಕುಡಿಯುತ್ತದೆಯೇ. ಇಷ್ಟಿದ್ದರೆ ರಾತ್ರಿ ಮನೆಯಲ್ಲಿ ಕಳೆಯಬಹುದು. ಬಿಸಿ ಇಳಿದಿದೆ, ಮಗು ಮಾತ್ರ ಹಾಗೇ ಬಿದ್ದಿದೆ ಎಂದರೆ ಆಗಲೇ ಹೊರಡಿ.

ಜ್ವರ ಇಳಿಯಿತು ಎಂಬುದೊಂದೇ ಧೈರ್ಯಕ್ಕೆ ಸಾಲದು. ಅಪಾಯದ ಸೋಂಕಿನ ಜ್ವರವೂ ಪ್ಯಾರಸಿಟಮಾಲಿಗೆ ಇಳಿಯುತ್ತದೆ, ಸಾಧಾರಣ ನೆಗಡಿಯ ಜ್ವರ ಕೆಲವೊಮ್ಮೆ ಹಟ ಹಿಡಿಯುತ್ತದೆ.

ಡೋಸ್ ತಪ್ಪುವುದು ಎಲ್ಲಿ

ಪ್ಯಾರಸಿಟಮಾಲ್ ಕೊಡುವುದು ತೂಕದ ಮೇಲೆ, ವಯಸ್ಸಿನ ಮೇಲಲ್ಲ. ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ. ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆ, ಆರಾದರೆ ಉತ್ತಮ. 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಕೂಡದು. 10 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ ಆಯಿತು. ಈಗ ಬಾಟಲಿ ತಿರುಗಿಸಿ ಓದಿ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಎಂದಿದ್ದರೆ 6 ಮಿಲಿಲೀಟರ್ ಬೇಕು. 5 ಮಿಲಿಲೀಟರಿನಲ್ಲಿ 250 ಎಂದಿದ್ದರೆ 3. ಎಳೆಮಕ್ಕಳ ಡ್ರಾಪ್ಸ್‌ನಲ್ಲಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುವುದುಂಟು, ಅದಾದರೆ ಒಂದೂವರೆ ಮಿಲಿಲೀಟರ್ ಮಾತ್ರ. ಡ್ರಾಪ್ಸ್ ಬಾಟಲಿ ಹಿಡಿದು ಸಿರಪ್ಪಿನ ಲೆಕ್ಕದಲ್ಲಿ 6 ಮಿಲಿಲೀಟರ್ ಕುಡಿಸಿದರೆ ನಾಲ್ಕು ಪಟ್ಟು ಹೋದಂತೆ. ಡ್ರಾಪ್ಸ್ ಎಂದರೆ ಸಣ್ಣ ಮಕ್ಕಳದು, ಹಗುರದ್ದು ಎಂದು ನಂಬಿಯೇ ಈ ಅನಾಹುತ ಆಗುವುದು.

ಎರಡನೆಯ ತಪ್ಪು ನೆಗಡಿ ಸಿರಪ್. ಎಷ್ಟೋ ನೆಗಡಿ ಕೆಮ್ಮಿನ ಮಿಶ್ರಣಗಳಲ್ಲಿ ಪ್ಯಾರಸಿಟಮಾಲ್ ಮೊದಲೇ ಸೇರಿರುತ್ತದೆ. ಅದನ್ನೂ ಕೊಟ್ಟು ಜ್ವರದ್ದನ್ನೂ ಕೊಟ್ಟರೆ ಡೋಸ್ ಇಮ್ಮಡಿ. ಪ್ಯಾರಸಿಟಮಾಲ್ ಹೆಚ್ಚಾದರೆ ಪೆಟ್ಟು ಬೀಳುವುದು ಲಿವರಿಗೆ, ಅದೂ ಮೊದಲ ದಿನ ಏನೂ ಗೊತ್ತಾಗದ ಹಾಗೆ. ಹೆಚ್ಚು ಹೋಗಿದೆ ಎಂದು ಅನುಮಾನ ಬಂದರೆ ಮಗು ಚೆನ್ನಾಗಿಯೇ ಕಂಡರೂ ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ. ಅದಕ್ಕೆ ಪ್ರತಿಮದ್ದು ಇದೆ, ಬೇಗ ಸಿಕ್ಕಷ್ಟೂ ಒಳ್ಳೆಯದು.

ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಕುಡಿಸಿ ಅರ್ಧ ಗಂಟೆಯೊಳಗೆ ಪೂರ್ತಿ ವಾಂತಿಯಾದರೆ ಒಮ್ಮೆ ಮರಳಿ ಕೊಡಬಹುದು. ಅದಾದ ಮೇಲಾದರೆ ಮುಂದಿನ ಹೊತ್ತಿಗೆ ಕಾಯಿರಿ.

ಐಬುಪ್ರೊಫೆನ್ ಆರು ತಿಂಗಳು ದಾಟಿದ ಮೇಲೆ, ಡಾಕ್ಟರು ಹೇಳಿದ್ದರೆ, ಕಿಲೋಗೆ 10 ಮಿಲಿಗ್ರಾಂ, ಆರರಿಂದ ಎಂಟು ಗಂಟೆಗೊಮ್ಮೆ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡ ಮಗುವಿಗೆ ಅದು ಬೇಡ, ಕಿಡ್ನಿಗೆ ಹೊಡೆತ. ಸೀತಾಳೆ ಸಿಡುಬಿನಲ್ಲಿ ಬೇಡ. ಡೆಂಗ್ಯೂ ಇರಬಹುದೆಂಬ ಅನುಮಾನವಿದ್ದರೆ ಬೇಡವೇ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಆಸ್ಪಿರಿನ್ ಜ್ವರದ ಮಕ್ಕಳಿಗೆ ಯಾವತ್ತೂ ಕೊಡಬಾರದು. ವೈರಸ್ ಸೋಂಕಿನ ನಡುವೆ ಕೊಟ್ಟಾಗ ಲಿವರ್, ಮಿದುಳು ಎರಡಕ್ಕೂ ಏಟು ಕೊಡುವ ರೈ ಸಿಂಡ್ರೋಮ್ ಎಂಬ ಕಾಯಿಲೆ ಬರಬಹುದು. ಕಳೆದ ಸಲ ಉಳಿದ ಆಂಟಿಬಯೋಟಿಕ್ ಎರಡು ಚಮಚ ಹಾಕಿ ನೋಡೋಣ ಎಂಬುದು ಎಲ್ಲಕ್ಕಿಂತ ಕೆಟ್ಟ ಯೋಚನೆ. ವೈರಸ್ಸಿಗೆ ಅದು ತಾಗುವುದಿಲ್ಲ, ಬ್ಯಾಕ್ಟೀರಿಯಾ ಇದ್ದರೆ ಅರೆಬರೆ ಅಡಗಿ ಪರೀಕ್ಷೆಯಲ್ಲಿ ಸಿಕ್ಕದೆ ಹೋಗುತ್ತದೆ.

ಜ್ವರ ಏರುವಾಗ ಕೈಕಾಲು ತಣ್ಣಗಾಗಿ ಮಗು ನಡುಗುತ್ತದೆ. ಆಗ ತೆಳು ಹೊದಿಕೆ ಸಾಕು, ನಡುಕ ನಿಂತ ಮೇಲೆ ಅದನ್ನೂ ತೆಗೆಯಿರಿ. ತಣ್ಣೀರು, ಐಸ್, ಸ್ಪಿರಿಟ್ ಯಾವುದರಿಂದಲೂ ಮೈ ಒರೆಸಬೇಡಿ. ತಣ್ಣೀರಿಗೆ ಚರ್ಮದ ರಕ್ತನಾಳ ಮುದುಡಿ, ನಡುಕ ಹುಟ್ಟಿ, ಒಳಗಿನ ಬಿಸಿ ಏರುತ್ತದೆ. ಸ್ಪಿರಿಟ್ ಚರ್ಮದಿಂದ, ಉಸಿರಿನಿಂದ ಮೈಯೊಳಗೆ ಸೇರಿ ವಿಷವಾಗುತ್ತದೆ. ಸುಖವಾಗಿ ನಿದ್ದೆ ಮಾಡುತ್ತಿರುವ ಮಗುವನ್ನು ಔಷಧಿಗೆಂದು ಎಬ್ಬಿಸುವ ಅಗತ್ಯವೂ ಇಲ್ಲ.

ಕುಡಿದದ್ದು ಎಷ್ಟು, ಮೂತ್ರ ಎಷ್ಟು

ಜ್ವರದ ಮಗು ಊಟ ಬಿಟ್ಟರೆ ಎರಡು ದಿನ ಚಿಂತೆಯಿಲ್ಲ. ಕುಡಿಯುವುದು ಬಿಡಬಾರದು. ಒಮ್ಮೆಗೇ ಲೋಟ ಹಿಡಿಸುವ ಬದಲು ಐದೈದು ನಿಮಿಷಕ್ಕೆ ಒಂದೆರಡು ಚಮಚ ಕೊಟ್ಟರೆ ವಾಂತಿಯಾಗುವ ಮಗುವಿನ ಹೊಟ್ಟೆಯಲ್ಲೂ ನಿಲ್ಲುತ್ತದೆ. ಭೇದಿಯೂ ಇದ್ದರೆ ಓಆರ್‌ಎಸ್, ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ. ಎದೆಹಾಲು ನಿಲ್ಲಿಸಬೇಡಿ.

ಮೂತ್ರದ ಲೆಕ್ಕ ಇಡುವುದು ಥರ್ಮಾಮೀಟರಿಗಿಂತ ಹೆಚ್ಚು ಹೇಳುತ್ತದೆ. ಒಂದು ವರ್ಷದೊಳಗಿನ ಮಗು ಆರು ಗಂಟೆ, ದೊಡ್ಡ ಮಗು ಎಂಟು ಗಂಟೆ ಮೂತ್ರ ಮಾಡದಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ನಾಲಿಗೆ ಒಣಗಿ ಅಂಟುತ್ತಿದ್ದರೆ, ಕಣ್ಣು, ನೆತ್ತಿ ಗುಳಿಬಿದ್ದಿದ್ದರೆ ಡಾಕ್ಟರ ಹತ್ತಿರ ಹೋಗಿ. ಡೈಪರ್ ಹಾಕಿದ್ದರೆ ಮೋಸ ಹೋಗುವುದು ಸುಲಭ, ಸ್ವಲ್ಪ ಮೂತ್ರವನ್ನು ಅದು ಪೂರ್ತಿ ಹೀರಿ ಒಣಗಿದಂತೆ ತೋರುತ್ತದೆ. ಕೈಯಲ್ಲಿ ಹಿಡಿದು ಹೊಸ ಡೈಪರಿನ ಭಾರಕ್ಕೆ ಹೋಲಿಸಿ ನೋಡಿ.

ದಿನಗಳ ಲೆಕ್ಕ

ಸಾಧಾರಣ ವೈರಸ್ ಜ್ವರ ಎರಡು ಮೂರು ದಿನ ಏರಿಳಿದು ಕಡಿಮೆಯಾಗುತ್ತದೆ. 72 ಗಂಟೆ ದಾಟಿಯೂ ಹಾಗೆಯೇ ಇದ್ದರೆ ಮಗು ಎಷ್ಟೇ ಚುರುಕಾಗಿದ್ದರೂ ತೋರಿಸಿ. ಮಲೇರಿಯಾ ಇರುವ ಕಡೆ, ಅಥವಾ ಅಲ್ಲಿಂದ ಬಂದ ಮೇಲೆ ಜ್ವರ ಬಂದರೆ ಮೂರು ದಿನದ ಮಾತೇ ಬೇಡ, ಮೊದಲ ದಿನವೇ ರಕ್ತ ಪರೀಕ್ಷೆ ಆಗಬೇಕು.

ಐದು ದಿನ ಮುಟ್ಟಿದ ಜ್ವರಕ್ಕೆ ಬೇರೆಯೇ ಕಣ್ಣು ಬೇಕು. ಕೀವಿಲ್ಲದೆ ಎರಡೂ ಕಣ್ಣು ಕೆಂಪು, ತುಟಿ ಕೆಂಪಾಗಿ ಒಡೆದಿದೆ, ನಾಲಿಗೆ ಕೆಂಪಗೆ ಸಣ್ಣ ಗುಳ್ಳೆಗಳಂತೆ ಎದ್ದಿದೆ, ಮೈಮೇಲೆ ದದ್ದು, ಅಂಗೈ ಅಂಗಾಲು ಊದಿಕೊಂಡಿದೆ, ಕುತ್ತಿಗೆಯಲ್ಲಿ ಗಂಟು. ಇವುಗಳಲ್ಲಿ ಕೆಲವಾದರೂ ಇದ್ದರೆ ಕವಾಸಾಕಿ ಕಾಯಿಲೆಯೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳನ್ನು ಕೆಡಿಸುವ ಕಾಯಿಲೆ ಇದು, ಜ್ವರ ಶುರುವಾದ ಹತ್ತು ದಿನದೊಳಗೆ ಚಿಕಿತ್ಸೆ ಸಿಕ್ಕರೆ ಆ ಅಪಾಯ ಬಹಳ ಇಳಿಯುತ್ತದೆ. ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಳ್ಳದೆ ಒಂದು ಬಂದು ಇನ್ನೊಂದು ಹೋಗುವುದುಂಟು. ಹಾಗಾಗಿ ಮೊನ್ನೆ ಕಣ್ಣು ಕೆಂಪಾಗಿತ್ತು ಎಂಬುದನ್ನೂ ಮರೆಯದೆ ಹೇಳಬೇಕು, ಮೊಬೈಲಿನಲ್ಲಿ ಒಂದು ಫೋಟೋ ಇದ್ದರೆ ಇನ್ನೂ ಚೆನ್ನ.

ಒಂದು ದಿನ ಪೂರ್ತಿ ಜ್ವರವಿಲ್ಲದೆ ಕಳೆದು ಮತ್ತೆ ಏರಿದರೆ ನೆಗಡಿಯ ಬೆನ್ನಿಗೇ ಕಿವಿಯಲ್ಲೋ ಶ್ವಾಸಕೋಶದಲ್ಲೋ ಇನ್ನೊಂದು ಸೋಂಕು ಸೇರಿರಬಹುದು, ತೋರಿಸಿ. ಡೆಂಗ್ಯೂ ಇನ್ನೂ ವಿಚಿತ್ರ, ಅದರಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿದ ಮೇಲೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ. ಮೈ ತಣ್ಣಗಾಯಿತು, ಆದರೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ತಣ್ಣನೆಯ ಕೈಕಾಲು, ತೂಕಡಿಕೆ ಕಂಡರೆ ಗುಣವಾಯಿತು ಎಂದು ಹಿಗ್ಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮೂರ್ನಾಲ್ಕು ದಿನ ಜೋರು ಜ್ವರ ಬಂದು ಥಟ್ಟನೆ ಇಳಿದು, ಎದೆ ಬೆನ್ನಿನ ಮೇಲೆ ತೆಳು ಗುಲಾಬಿ ದದ್ದು ಎದ್ದು, ಮಗು ಆಡಿಕೊಂಡಿದ್ದರೆ ಮಾತ್ರ ಅದು ಬಹುತೇಕ ರೋಸಿಯೋಲಾ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಬಹಳ ಸಾಮಾನ್ಯ, ತಾನಾಗಿಯೇ ಹೋಗುತ್ತದೆ.

ಹಲ್ಲು ಬರುತ್ತಿದೆ, ಅದಕ್ಕೇ ಜ್ವರ ಎಂಬ ಮಾತನ್ನು ಕೇಳದವರಿಲ್ಲ. ಹಲ್ಲು ಮೂಡುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು, 100.4 ದಾಟುವುದಿಲ್ಲ. ದಾಟಿದರೆ ಕಾರಣ ಬೇರೆ ಇದೆ.

ಫಿಟ್ಸ್ ಬಂದರೆ

ಆರು ತಿಂಗಳಿನಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದ ಏರಿಕೆಯಲ್ಲಿ ಫಿಟ್ಸ್ ಬರುತ್ತದೆ, ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ. ನೋಡಲು ಭಯಂಕರ, ಬಹುತೇಕ ಐದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ, ಮಿದುಳಿಗೆ ಹಾನಿಯಿಲ್ಲ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಜೊಲ್ಲು ಹೊರಹರಿಯಲಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಮೊದಲ ಕ್ಷಣದಲ್ಲೇ ಗಡಿಯಾರ ನೋಡಿ, ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ತೋರುತ್ತದೆ. ಐದು ನಿಮಿಷ ದಾಟಿದರೆ, ನಿಂತು ಮತ್ತೆ ಬಂದರೆ, ಮೈಯ ಒಂದೇ ಬದಿ ಅದುರಿದರೆ ಆಂಬುಲೆನ್ಸ್ ಕರೆಯಿರಿ. ಮೊದಲ ಸಲ ಬಂದ ಫಿಟ್ಸ್ ಅರ್ಧ ನಿಮಿಷಕ್ಕೇ ನಿಂತಿದ್ದರೂ ಅದೇ ಹೊತ್ತಿಗೆ ತೋರಿಸಬೇಕು, ಅದು ಜ್ವರದ ಫಿಟ್ಸೋ ಮಿದುಳಿನ ಸೋಂಕೋ ಎಂದು ಮನೆಯಲ್ಲಿ ಹೇಳಲಾಗದು. ಇನ್ನೊಮ್ಮೆ ಬಾರದಿರಲಿ ಎಂದು ನಾಲ್ಕು ಗಂಟೆಗೊಮ್ಮೆ ತಪ್ಪದೆ ಪ್ಯಾರಸಿಟಮಾಲ್ ಹಾಕುವವರಿದ್ದಾರೆ. ಅದರಿಂದ ಫಿಟ್ಸ್ ತಪ್ಪುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ.

ಡಾಕ್ಟರ ಮುಂದೆ

ನಾಲ್ಕು ದಿನದಿಂದ ಜ್ವರ, ಇಳಿಯುತ್ತಲೇ ಇಲ್ಲ ಎಂಬ ಒಂದು ಸಾಲಿನಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಹಾಳೆಯಲ್ಲೋ ಫೋನಿನಲ್ಲೋ ಹೊತ್ತು, ಅಂಕಿ, ಅಳೆದ ಜಾಗ, ಕೊಟ್ಟ ಔಷಧಿ ಎಷ್ಟು ಮಿಲಿಲೀಟರ್, ಎಷ್ಟು ಕುಡಿಯಿತು, ಎಷ್ಟು ಸಲ ಮೂತ್ರ ಎಂದು ಬರೆದಿಟ್ಟುಕೊಳ್ಳಿ. ಜ್ವರ ಶುರುವಾದದ್ದು ಯಾವ ದಿನ, ಯಾವ ಹೊತ್ತು ಎಂಬುದು ಮುಖ್ಯ. ಡೆಂಗ್ಯೂ ಪರೀಕ್ಷೆಯಲ್ಲಿ ಯಾವುದನ್ನು ಮಾಡಿಸಬೇಕೆಂದು ಹೇಳುವುದೇ ಆ ದಿನದ ಲೆಕ್ಕ. ಕೊಟ್ಟ ಬಾಟಲಿಗಳನ್ನು ಜೊತೆಗೇ ಒಯ್ಯಿರಿ, ಹೆಸರು ನೆನಪಿದ್ದರೂ ಸಾಂದ್ರತೆ ನೆನಪಿರುವುದಿಲ್ಲ. ಲಸಿಕೆ ಕಾರ್ಡ್, ಈಚಿನ ತೂಕ, ಅಲರ್ಜಿ, ಮನೆಯಲ್ಲೋ ಶಾಲೆಯಲ್ಲೋ ಯಾರಿಗಾದರೂ ಜ್ವರವಿದೆಯೇ, ಈಚೆಗೆ ಎಲ್ಲಿಗೆ ಹೋಗಿದ್ದಿರಿ ಎಂಬುದು ಕೇಳುವ ಮುಂಚೆಯೇ ಹೇಳುವಂತಿರಲಿ. ಉಸಿರಾಟ ಅಥವಾ ಅದುರುವಿಕೆ ವಿಚಿತ್ರವಾಗಿ ಕಂಡರೆ ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆ ತಲುಪುವ ಹೊತ್ತಿಗೆ ಮಗು ನಗುತ್ತಿರುವುದು ಮಾಮೂಲು.

ವೈರಸ್ ಜ್ವರ ಎಂದು ಹೇಳಿ ಕಳಿಸಿದರೆ ಹೊರಡುವ ಮುಂಚೆ ಎರಡು ವಿಷಯ ಕೇಳಿ ತಿಳಿದುಕೊಳ್ಳಿ: ಯಾವ ದಿನದವರೆಗೆ ಜ್ವರ ಇರಬಹುದು, ಏನು ಕಂಡರೆ ಅದಕ್ಕೂ ಮುಂಚೆ ಬರಬೇಕು. ಬೆಳಿಗ್ಗೆ ತೋರಿಸಿ ಬಂದ ಮಗು ಸಂಜೆಗೆ ಹದಗೆಟ್ಟರೆ, ಬೆಳಿಗ್ಗೆ ತಾನೆ ನೋಡಿದ್ದಾರಲ್ಲ ಎಂದು ಸುಮ್ಮನಿರಬೇಡಿ. ಬೆಳಿಗ್ಗೆ ಕಿವಿ, ಗಂಟಲು, ಎದೆ ಎಲ್ಲ ಸರಿಯಿದ್ದದ್ದು ನಿಜವೇ ಆಗಿರುತ್ತದೆ. ಆ ಮೇಲಿನ ಎಂಟು ಗಂಟೆಯಲ್ಲಿ ಏನಾಯಿತು ಎಂಬುದು ಇನ್ನೊಮ್ಮೆ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಅದೇ ದಿನ ಎರಡನೆಯ ಸಲ ಬಂದಿರಿ ಎಂದು ಮಕ್ಕಳ ಡಾಕ್ಟರು ಯಾರೂ ಬೇಸರಪಡುವುದಿಲ್ಲ.